ಉತ್ತಮನಿಗೆ ಏನೂ ಆಗಿಲ್ಲ

ಇಷ್ಟೆಲ್ಲ ಫಜೀತಿಗೆ ಕಾರಣ ಅಂಗಿಗೆ ಚುಚ್ಚಿದ ಒಂದು ಬಿಲ್ಲೆ.

ಬೀದರಿನ ವಿಶ್ವವಿದ್ಯಾಲಯವೊಂದರ ಮನಶ್ಶಾಸ್ತ್ರ ವಿಭಾಗದಲ್ಲಿ ಉತ್ತಮ ಗುಮಾಸ್ತ. ಮಿದುಳು ಮತ್ತು ಮಾನಸಿಕ ಆರೋಗ್ಯದ ಸಂಶೋಧನೆಗೆ ಊರವರಿಂದ ದೇಣಿಗೆ ಎತ್ತುವುದೆಂದು ವಿಭಾಗದ ಮುಖ್ಯಸ್ಥೆ ಖತೀಜಾ ಬೇಗಂ ನಿಶ್ಚಯಿಸಿದ್ದರು. ಸೋಮವಾರ ಬೆಳಿಗ್ಗೆ ಅವರು ಉತ್ತಮನ ಕೈಗೆ ರಸೀದಿ ಪುಸ್ತಕ ಕೊಟ್ಟು, ಎದೆಗೆ ಸಾಸರಿನಷ್ಟಗಲದ ಹಳದಿ ಬಿಲ್ಲೆ ಚುಚ್ಚಿದರು. ಅದರ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಮನಸ್ಸಿಗೂ ಕಾಯಿಲೆ ಬರುತ್ತದೆ. ನನಗೆ ನಾಚಿಕೆಯಿಲ್ಲ.’

“ಮೇಡಂ, ಇದು ಓದಿದ್ರ ಮಂದಿ ನನಗೇ ಏನೋ ಆಗ್ಯಾದ ಅಂತ ತಿಳ್ಕೋತಾರ್ರಿ.”

“ತಿಳ್ಕೊಂಡ್ರ ತಿಳ್ಕೊಳ್ಳಿ. ಆ ನಾಚ್ಕಿ ಹೋಗ್ಲಿ ಅಂತೇ ಮಾಡ್ಸಿದ್ದು. ಹೋಗ್ರಿ, ಗಾಂಧಿ ಗಂಜದಿಂದ ಶುರು ಮಾಡ್ರಿ.”

ಬೇರೆ ದಿನವಾಗಿದ್ದರೆ ಉತ್ತಮ ಇಷ್ಟು ಅಂಜುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಹೆಣ್ಣು ನೋಡಲು ಭಾಲ್ಕಿಗೆ ಹೋಗಿ ನರಸಿಂಗರ ಮಗಳು ಸಪನಾಳನ್ನು ನೋಡಿ ಬಂದಿದ್ದ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಆಕೆ ಎರಡೇ ಎರಡು ಮಾತಾಡಿದ್ದಳು. ಅಷ್ಟಕ್ಕೇ ಅವನ ಎದೆ ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. ಈ ಸಂಜೆ ಆ ಮನೆಯಿಂದ ಹೂಂ ಅಥವಾ ಊಹೂಂ ಬರುವುದಿತ್ತು.

ಗಂಜದ ಧಾನ್ಯ ಮಾರುಕಟ್ಟೆಯಲ್ಲಿ ಸೋಯಾಬೀನ್ ಹರಾಜು ಜೋರಾಗಿತ್ತು. ಅಡತಿ ಅಂಗಡಿಯ ದಲಾಲಿ ಶಿವರಾಜಪ್ಪ ಕನ್ನಡಕ ಏರಿಸಿ, ಹರಾಜು ಕೂಗುವ ದನಿಯಲ್ಲೇ ಬಿಲ್ಲೆಯನ್ನು ಓದಿದ. ಹಮಾಲರು ಹೊತ್ತ ಚೀಲ ಹೊತ್ತಂತೆಯೇ ನಿಂತರು.

“ಎಷ್ಟ್ ದಿನಾತ್ರಿ ಇದು?” ಶಿವರಾಜಪ್ಪ ದನಿ ಇಳಿಸಿದ.

“ನನಗೇನೂ ಆಗಿಲ್ರಿ ಸಾವ್ಕಾರ್ರ! ಇದು ಸಂಶೋಧನಾಕ್ಕ…”

“ನಮ್ಮ ಸೋದರಮಾವನೂ ಹಿಂಗೇ ಅಂತಿದ್ದ. ಪರೇಶಾನ್ ಆಗಬ್ಯಾಡ್ರಿ. ಇಲಾಜ ಮಾಡಸ್ಕೋರಿ.” ಐನೂರರ ನೋಟೊಂದು ಉತ್ತಮನ ಕಿಸೆಗೆ ಬಿತ್ತು.

ಒಬ್ಬ ಹಮಾಲ ಅವನನ್ನು ತೋಳು ಹಿಡಿದು ನೆರಳಿಗೆ ಕೂರಿಸಿದ. ಇನ್ನೊಬ್ಬ ತಲೆಗೆ ತಣ್ಣೀರು ತಟ್ಟಿದ. ‘ನನಗೇನೂ ಆಗಿಲ್ಲ’ ಎಂದು ಅವನು ಕೂಗಿದಷ್ಟೂ ಜನರ ಕರುಣೆ ಏರಿತು, ರಸೀದಿ ಪುಸ್ತಕ ಕರಗಿತು. ಸಾಲದ್ದಕ್ಕೆ ಶಿವರಾಜಪ್ಪ ಅವನ ಊರು ಕೇಳಿ, ಫೋಟೋ ತೆಗೆದು, ‘ಠಾಣಾ ಕುಶನೂರಿನ ಹುಡುಗ, ಮನಸ್ಸಿನ ಕಾಯಿಲೆ, ನಾಚಿಕೆ ಬಿಟ್ಟು ಕೇಳುತ್ತಿದ್ದಾನೆ, ಕೈಲಾದಷ್ಟು ಕೊಡಿ’ ಎಂದು ಬರೆದು ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಹಾಕಿದ.

ಅರ್ಧ ಗಂಟೆಯಲ್ಲಿ ಠಾಣಾ ಕುಶನೂರಿನಿಂದ ತಾಯಿ ಶೇವಂತಾಬಾಯಿಯ ಫೋನು.

“ಏ ಉತ್ತಮ, ನಿನಗ ತಲಿ ಕೆಟ್ಟದಂತ, ಖರೇನೇನೋ? ಹೆತ್ತ ತಾಯಿಗಿ ಮೊದಲ ಹೇಳಬಾರ್ದಾ?”

“ಅವ್ವಾ, ಯಾರ್ ಹೇಳ್ದರು ನಿನಗ?”

“ಬಸ್ ಸ್ಟ್ಯಾಂಡದಾಗ ಎಲ್ಲಾರೂ ಅದೇ ಮಾತಾಡ್ಲಿಕತ್ತಾರ. ಔರಾದದಾಗೂ ಗೊತ್ತಾಗ್ಯಾದಂತ. ಹೊಲದಾಗಿನ ರಾಶಿ ಕೆಲಸ ಬಿಟ್ಟು ಬರ್ಲ್ಯಾ?”

“ಬರಬ್ಯಾಡ! ಭಾಲ್ಕಿಯವರಿಗಿ ಗೊತ್ತಾಗಿಲ್ಲಲ್ಲ?”

“ನರಸಿಂಗಣ್ಣನೇ ಫೋನ್ ಮಾಡಿ ಕೇಳ್ದ. ನಾ ಏನ್ ಹೇಳ್ಲಿ, ಅತ್ತು ಫೋನ್ ಇಟ್ಟೆ.”

ತಾಯಿಯ ಆ ಅಳು ಸಾಕ್ಷಿಯಾಗಿಬಿಟ್ಟಿತೆಂದು ಉತ್ತಮನಿಗೆ ಹೊಳೆಯಿತು. ಇನ್ನು ಬಾಯಿಮಾತು ನಡೆಯುವುದಿಲ್ಲ, ಕಾಗದವೇ ಬೇಕು. ಬಿಲ್ಲೆ ಕಿತ್ತು ಕಿಸೆಗೆ ತುರುಕಿ, ಮನೋವೈದ್ಯ ಡಾ. ಸತೀಶಕುಮಾರರ ದವಾಖಾನೆಗೆ ನುಗ್ಗಿದ.

“ಡಾಕ್ಟರ್ ಸಾಹೇಬ್ರ, ನನಗೇನೂ ಆಗಿಲ್ಲಂತ ಬರ್ಕೊಡ್ರಿ.”

“ಆಗ್ಯಾದಂತ ಯಾರ್ ಅಂದಾರ?”

“ಇಡೀ ಗಂಜ ಅಂತದ್ರಿ! ಔರಾದದಾಗೂ ನಂದೇ ಮಾತು. ಭಾಲ್ಕಿ ತನಕಾ ಹೋಗ್ಯಾದ.”

ಡಾಕ್ಟರು ಪೆನ್ನು ತೆರೆದರು. “ಊರ್ ಊರೇ ನಿಮ್ಮ ಬಗ್ಗೆ ಮಾತಾಡ್ತದಂತ ಎಷ್ಟು ದಿನದಿಂದ ಅನಸ್ಲಿಕತ್ತದ?”

ಉತ್ತಮ ಇದಕ್ಕೆ ಎರಡು ತಾಸು ತೆರಬೇಕಾಯಿತು. ಇವತ್ತು ಯಾವ ವಾರ ಎಂದರು, ಹೇಳಿದ. ನೂರರಿಂದ ಏಳೇಳು ಕಳೆಯುತ್ತ ಹೋಗೆಂದರು, ಎಪ್ಪತ್ತೆರಡರ ಹತ್ತಿರ ತಡವರಿಸಿ ಬೆವೆತ. ಕೊನೆಗೆ ಶಿವರಾಜಪ್ಪನ ಫೋಟೋ ತೋರಿಸಿ ಕತೆಯೆಲ್ಲ ಹೇಳಿದ ಮೇಲೆ ಡಾಕ್ಟರು ನಕ್ಕು ಬರೆದುಕೊಟ್ಟರು: ‘ಪರೀಕ್ಷಿಸಿದ್ದೇನೆ. ಸದ್ಯಕ್ಕೆ ಮಾನಸಿಕ ಕಾಯಿಲೆಯ ಲಕ್ಷಣಗಳಿಲ್ಲ.’

“ಈ ‘ಸದ್ಯಕ್ಕೆ’ ಒಂದು ತೆಗೀರಿ, ಸಾಹೇಬ್ರ.”

“ಅದು ತೆಗೀಲಿಕ್ಕಾಗಲ್ಲ. ನನಗ ನಾನೇ ಬರ್ಕೊಂಡ್ರೂ ‘ಸದ್ಯಕ್ಕೆ’ ಅಂತೇ ಬರೀಬೇಕು.”

ಭಾಲ್ಕಿಯ ಬಸ್ಸಿಳಿದು ಉತ್ತಮ ನರಸಿಂಗರ ಮನೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ನಿವೃತ್ತ ಕಂಡಕ್ಟರ್ ನರಸಿಂಗ ಪಡಸಾಲೆಯಲ್ಲಿ ಕೂತಿದ್ದರು. ಸಪನಾ ಬಾಗಿಲಿಗೆ ಒರಗಿ ನಿಂತಿದ್ದಳು. ಉತ್ತಮ ಜೈಭೀಮ್ ಹೇಳಿದ್ದೇ ತಡ, ಟಿಕೆಟ್ ತಪಾಸಣೆಗೆ ಸಿಕ್ಕವನಂತೆ, ಮೊಹರು ಕಾಣುವ ಹಾಗೆ ಕಾಗದವನ್ನು ಮುಂದೆ ಹಿಡಿದ.

“ಮಾಮಾ, ಮಂದಿ ಮಾತ ನಂಬಬ್ಯಾಡ್ರಿ. ನನಗೇನೂ ಆಗಿಲ್ಲ. ನೋಡ್ರಿ, ಸಹಿ ಅದ, ಸಿಕ್ಕಾ ಅದ!”

ನರಸಿಂಗ ಕಾಗದ ಓದಿ ಮಗಳ ಮುಖ ನೋಡಿದರು. ಮಗಳು ಉತ್ತಮನ ಮುಖ ನೋಡಿದಳು.

“ಮತ್ತ ಫೋಟೋದಾಗಿನ ಬಿಲ್ಲೆ?” ಎಂದಳು.

“ಅದು ನಂದಲ್ರಿ! ಮೇಡಂ ಚುಚ್ಚಿದ್ದು.”

“ಅದು ನೋಡಿ ಮಧ್ಯಾಹ್ನ ನಾನು ಅಪ್ಪಗ ಹೂಂ ಅಂದಿದ್ದೆರಿ.” ಸಪನಾ ಮೆಲ್ಲಗೆ ಹೇಳಿದಳು. “ನಮ್ಮ ಆಯಿ, ಅಪ್ಪನ ಅವ್ವ, ಆರು ವರ್ಷ ಒಳಗಿನ ಕೋಣ್ಯಾಗೇ ಕೂತು ತೀರಿಹೋದ್ಲು. ಆಕಿಗಿ ಏನಾಗಿತ್ತಂತ ಈ ಮನ್ಯಾಗ ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಮನಷ್ಯಾ ತುಂಬಿದ ಬಜಾರದಾಗ ನಿಂತು ನನಗ ನಾಚ್ಕಿ ಇಲ್ಲ ಅಂದಾನಲ್ಲ, ಇವನ ಜೋಡಿ ಬಾಳೇವು ಮಾಡಬಹುದು ಅನಿಸ್ತು. ನೀವ್ ನೋಡಿದ್ರ ನಾಚ್ಕಿ ತಡೀಲಾರ್ದ ಸರ್ಟಿಫಿಕೇಟ್ ಹಿಡ್ಕೊಂಡು ಬೀದರದಿಂದ ಓಡಿ ಬಂದೀರಿ.”

ಉತ್ತಮನಿಗೆ ಈಗ ಅರಿವಾಯಿತು. ಬೆಳಿಗ್ಗೆಯಿಂದ ತನಗೆ ಕಾಯಿಲೆಯೆಂದು ಹೇಳಿದವರೆಲ್ಲ ತನ್ನ ಪರವಾಗಿದ್ದರು. ಅಡ್ಡ ಬಂದವನು ತಾನೊಬ್ಬನೇ.

“ಹಂಗಾದ್ರ… ಸ್ವಲ್ಪ ಆಗ್ಯಾದಂತೇ ತಿಳ್ಕೋರಿ,” ಎಂದು ಕಾಗದದ ಮೇಲೆ ಬೆರಳಿಟ್ಟ. “ಇಲ್ಲಿ ‘ಸದ್ಯಕ್ಕೆ’ ಅಂತೇ ಬರ್ದಾರ ನೋಡ್ರಿ. ಮುಂದ ಆಗಬಹುದು.”

ಸಪನಾಳ ತುಟಿಯ ಅಂಚಿಗೆ ನಗು ಬಂತು. ಆದರೂ ಇಲ್ಲವೆಂಬಂತೆ ತಲೆಯಾಡಿಸಿ ಒಳಗೆ ಹೋದಳು. ಒಳಗಿನಿಂದ ಚಹಾ ಬಂತು, ಆಕೆ ಬರಲಿಲ್ಲ.

ನರಸಿಂಗ ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದರು. ಬೀದರ ಬಸ್ಸು ಬಂದು ನಿಂತ ಮೇಲೆ ಆಚೀಚೆ ನೋಡಿ ಉತ್ತಮನ ಕೈ ಹಿಡಿದರು.

“ಆ ಡಾಕ್ಟರ್ ಹ್ಯಾಂಗ ಅದಾರ್ರಿ?”

“ಚೊಲೋ ಅದಾರ್ರಿ. ಯಾಕ್ರಿ ಮಾಮಾ?”

“ನನಗ ಎರಡ್ ವರ್ಷಾತು, ನಿದ್ದಿ ಇಲ್ಲ. ಕೂತಲ್ಲೇ ಎದಿ ಢವಢವ ಅಂತದ, ಸುಮ್ಮಸುಮ್ಮನ ಅಳು ಬರ್ತದ. ಮನ್ಯಾಗ ಹೇಳಿಲ್ಲ. ಬರೋ ಗುರುವಾರ ಬೀದರಕ ಬರ್ತೇನಿ, ನೀವ್ ಜೋಡಿ ಇರ್ತೀರೇನು?”

ಉತ್ತಮ ತನ್ನ ದುಃಖ ಮರೆತ. ಅದರೊಂದಿಗೆ ಒಂದು ಆಸೆಯೂ ಚಿಗುರಿತು.

“ಬರ್ರಿ ಮಾಮಾ, ನಾನೇ ಕರ್ಕೊಂಡು ಹೋಗ್ತೇನಿ. ಇದರಾಗ ನಾಚ್ಕಿ ಏನದ? ಸಪನಾ ಅವರಿಗೂ ಹೇಳ್ರಿ, ಖುಷಿ ಪಡ್ತಾರ.”

“ಛೇ ಛೇ, ಆಕಿಗಂತೂ ಗೊತ್ತೇ ಆಗಬಾರ್ದು!”

“ದವಾಖಾನಿ ಬಾಗಲಾಗ ಯಾರಾದ್ರೂ ಕಂಡ್ರ?”

“ಅದಕ್ಕೇನ್ರಿ,” ನರಸಿಂಗ ಅವನನ್ನು ಬಸ್ಸಿಗೆ ಹತ್ತಿಸಿ, ಹಳೆಯ ರೂಢಿಯಂತೆ ಬಾಗಿಲು ಎಳೆದು ಹಾಕಿದರು. “ನಿಮ್ಮನ್ನ ಡಾಕ್ಟರಿಗಿ ತೋರಸ್ಲಿಕ್ಕ ಕರ್ಕೊಂಡು ಬಂದೀನಿ ಅಂತ ಹೇಳ್ತೇನಿ. ಹ್ಯಾಂಗೂ ನಿಮ್ಮದು ಎಲ್ಲಾರಿಗೂ ಗೊತ್ತೇ ಅದಲ್ಲ!”