ಸೊಂಡಿಲಿದ್ದ ಒಂದೇ ಸಕ್ಕರೆ ಆನೆ

ಶಿಶುಶಿಕ್ಷಣದಲ್ಲಿ ಕ್ರಾಂತಿ ಮಾಡಲು ಎರಡು ಕಿಲೋ ಸಕ್ಕರೆ ಸಾಕು ಎಂದು ನಾನು ದೃಢವಾಗಿ ನಂಬಿದ್ದೆ.

ಎಪ್ಪತ್ತರ ದಶಕದ ಕೊನೆ. ಮಾನ್ವಿಯ ಬಾಲವಾಡಿಯ ಟೀಚರಮ್ಮ ಹೆರಿಗೆಗೆ ತವರಿಗೆ ಹೋಗಿದ್ದರು. ರಾಯಚೂರಿನಿಂದ ಹೊಸದಾಗಿ ಬಂದಿದ್ದ ಪ್ರಾಥಮಿಕ ಶಾಲೆ ಮಾಸ್ತರನಾದ ನನ್ನನ್ನು ಆ ಜಾಗಕ್ಕೆ ದೂಡಿದರು. ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಹನ್ನೆರಡಕ್ಕೆ ಮಕ್ಕಳು ಮನೆಗೆ ಹೋದರೆ ಮರುದಿನದವರೆಗೆ ನನ್ನ ಜೊತೆ ಮಾತಾಡುವವರಿಲ್ಲ. ಮಕ್ಕಳಿದ್ದಾಗಲೂ ಇರಲಿಲ್ಲ ಅನ್ನಿ. ಹದಿಮೂರು ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ!

ಆಗ ಹೊಳೆಯಿತು: ಅಕ್ಷರ ಹೇಳಿದವರಿಗೆ ಸಕ್ಕರೆ ಗೊಂಬೆ. ‘ಆ’ ಅಂದರೆ ಆನೆ, ‘ಗ’ ಅಂದರೆ ಗಿಳಿ, ‘ನ’ ಅಂದರೆ ನವಿಲು. ನಾನು ಬಾಡಿಗೆಗಿದ್ದ ಮನೆಯ ಒಡತಿ ಶರಣವ್ವನ ಹತ್ತಿರ ಕಟ್ಟಿಗೆಯ ಅಚ್ಚುಗಳಿದ್ದವು.

“ಯಾರಿಗ್ರಿ ಮಾಸ್ತರ?”

“ಬಾಲವಾಡಿಗೆ ರೀ.”

“ಹೂಂ, ಬಾಲವಾಡಿಗೆ!” ಎಂದು ಸೆರಗಿನಲ್ಲಿ ನಕ್ಕಳು.

ಅಂಗಡಿಯ ಖಾದರಸಾಬರು ಸಕ್ಕರೆ ತೂಗುತ್ತಾ, “ಕ್ಯಾ ಮಾಸ್ತರ್, ಶಾದಿ ಹೈ ಕ್ಯಾ?” ಎಂದರು. ಗೌರಿ ಹುಣ್ಣಿಮೆಗೆ ನಾಲ್ಕು ದಿನವಿತ್ತು. ಅದರಿಂದ ನನಗೇನು!

ಮೊದಲ ಪಾಕ ಹೊತ್ತಿತು. ಎರಡನೆಯದು ಗಟ್ಟಿಯಾಗಲೇ ಇಲ್ಲ. ಮೂರನೆಯದು ಎಷ್ಟು ಗಟ್ಟಿಯಾಯಿತೆಂದರೆ, ಆನೆಗಳು ಸೊಂಡಿಲನ್ನು ಅಚ್ಚಿನಲ್ಲೇ ಬಿಟ್ಟು ಹೊರಬಂದವು. ಒಂದು ಆನೆ ಮಾತ್ರ ಪೂರ್ತಿ ಬಂತು.

ಅದನ್ನು ಗೆದ್ದವಳು ಐದು ವರ್ಷದ ಈರವ್ವ. ಹಲಗೆಯ ಮೇಲಿನ ಮೂರೂ ಅಕ್ಷರಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು! ಆನಂದ ತಡೆಯದೆ ಆನೆ, ಗಿಳಿ, ನವಿಲು ಮೂರನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟೆ. “ಮನಿಯಾಗ ತೋರಿಸು. ನಿಮ್ಮ ಅಕ್ಕಗೂ ಕೊಡು” ಎಂದೆ. ಉಳಿದ ಹನ್ನೆರಡು ಮಕ್ಕಳಿಗೆ ಸೊಂಡಿಲಿಲ್ಲದ ಆನೆಗಳನ್ನು ಸಮಾಧಾನಕ್ಕೆ ಹಂಚಿದೆ.

ದಿನಾ ಹನ್ನೆರಡಕ್ಕೆ ಅವಳನ್ನು ಕರೆದೊಯ್ಯಲು ಅಕ್ಕ ಬರುತ್ತಿದ್ದಳು. ಬಾಗಿಲಾಚೆ ನಿಲ್ಲುತ್ತಿದ್ದಳು, ಹಸಿರು ಬಳೆಯ ಒಂದು ಕೈಯಷ್ಟೇ ಒಳಗೆ ಕಾಣುತ್ತಿತ್ತು. ಈ ಪ್ರಸಂಗವನ್ನು ಬಹಳ ಸಲ ಹೇಳಿದ್ದೇನೆ. ಕೆಲವು ಸಲ ‘ಅಕ್ಕಗೂ ಕೊಡು’ ಎಂಬ ಮಾತೇ ಅದರಲ್ಲಿರುವುದಿಲ್ಲ. ಕೆಲವು ಸಲ ಇರುತ್ತದೆ, ಆದರೆ ಸುಮ್ಮನೆ ಬಾಯಿಗೆ ಬಂದದ್ದು ಅನ್ನುತ್ತೇನೆ. ಎರಡನ್ನೂ ನಂಬಬೇಡಿ.

ಮರುದಿನ ಬೆಳಿಗ್ಗೆ ಈರವ್ವನ ಅಪ್ಪ ರುಮಾಲು ಸುತ್ತಿಕೊಂಡು, ಇಬ್ಬರು ಹಿರಿಯರೊಡನೆ ಬಾಲವಾಡಿಗೆ ಬಂದು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು.

“ಸಕ್ಕರಿ ಗೊಂಬಿ ನೀವ ಕಳಿಸಿದ್ದೇನ್ರಿ ಮಾಸ್ತರ?”

“ಹೌದ್ರಿ.”

“ನಿಮ್ಮ ಕಡಿ ಹಿರ್ಯಾರು ಯಾರೂ ಇಲ್ಲೇನು?”

“ಇಲ್ರಿ. ಪಾಕ ನಾನ ಹಿಡಿದೀನಿ.”

ಹಿರಿಯರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬರು ಬಿಡಿಸಿ ಹೇಳಿದರು: “ಯಪ್ಪಾ, ಗೌರಿ ಹುಣ್ಣಿವಿಗೆ ಸಕ್ಕರಿ ಗೊಂಬಿ ಬರೋದು ಗಂಡಿನ ಮನಿಯಿಂದ. ಲಗ್ನ ಗಟ್ಟಿಯಾದ ಹುಡುಗಿಗೆ. ನೀವು ನಮ್ಮ ಹಿರಿ ಹುಡುಗಿನ್ನ ಕೇಳಾಕತ್ತೀರೇನು?”

ಹಾಸ್ಟೆಲಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ! ‘ಹೌದು’ ಅಂದುಬಿಡಬಹುದಿತ್ತು. ಆಮೇಲೆ ಮಧ್ಯಾಹ್ನಗಳು ಬೇರೆ ಥರ ಇರುತ್ತಿದ್ದವೇನೋ. ಆದರೆ ಬಾಯಿ ಸುತ್ತೋಲೆಯ ಭಾಷೆಯಲ್ಲಿ ತೆರೆಯಿತು: “ಸದರಿ ಗೊಂಬೆಗಳನ್ನು ಅಕ್ಷರಾಭ್ಯಾಸದ ಪ್ರೋತ್ಸಾಹಾರ್ಥವಾಗಿ ನೀಡಲಾಗಿದೆ!”

“ಅಂದ್ರ ಹುಡುಗಿನ್ನ ಕೇಳಿಲ್ಲ?”

“ಇಲ್ರಿ.”

ಅಪ್ಪ ಎದ್ದುನಿಂತು ನನ್ನ ಎರಡೂ ಕೈ ಹಿಡಿದ. “ಬದುಕಿದ್ನಿ ಯಪ್ಪಾ! ಆಕಿಗೆ ದೇವದುರ್ಗದಾಗ ಗಟ್ಟಿ ಆಗ್ಯಾದ. ಮಾಸ್ತರಿಗೆ ಹ್ಯಾಂಗ ಒಲ್ಲೆ ಅನ್ನೋದಂತ ಊಟ ಸೇರಿದ್ದಿಲ್ಲ ನೋಡ್ರಿ!” ಪೊಟ್ಟಣವನ್ನು ನನ್ನ ಮುಂದಿಟ್ಟ. “ಆನಿ ಸೊಂಡಿಲ ಒಂದು ಈ ಸಣ್ಣಾಕಿ ತಿಂದಾಳ. ಮಾಫ ಮಾಡ್ರಿ.”

ಅಂದು ಹನ್ನೆರಡಕ್ಕೆ ಈರವ್ವನನ್ನು ಕರೆಯಲು ಅಜ್ಜಿ ಬಂದಳು.

ಎಲ್ಲರೂ ಹೋದ ಮೇಲೆ ಹಲಗೆಯ ಮುಂದೆ ನಿಂತು ಗಟ್ಟಿಯಾಗಿ ‘ಆ’ ಎಂದೆ. ಉತ್ತರ ಸರಿಯಾಗಿತ್ತು. ನಿಯಮದ ಪ್ರಕಾರ ಆನೆಯನ್ನು ನನಗೇ ಬಹುಮಾನವಾಗಿ ಕೊಟ್ಟುಕೊಂಡು ಕಡಿದೆ.

ಮೂರನೆಯ ಪಾಕವೂ ಸುಟ್ಟಿತ್ತು. ಕಹಿ! ತಿಂದ ಹದಿಮೂರು ಮಕ್ಕಳಲ್ಲಿ ಅದನ್ನು ಹೇಳಲು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.