ಯೋಗಿರಾಜ ಚಿಮಣಿ ಕಟ್ಟಿದ್ದು

ಭಾನುವಾರ ಬೆಳಿಗ್ಗೆ ಕಸ್ತೂರಬಾಯಿ ಒಲೆಯ ಮೇಲೆ ಚಹಾಕ್ಕಿಟ್ಟಿದ್ದ ಪಾತೇಲಿಯೊಳಗೆ ಚಿಮಣಿಯಿಂದ ಅಂಗೈಯಗಲದ ಮಣ್ಣಿನ ಚೂರೊಂದು ಬಿತ್ತು. ಚಹಾ ಹಾರಿ ಗೋಡೆಗೆ ಬಡಿಯಿತು. ಅದರ ಹಿಂದೆಯೇ ಹೊಗೆ ಇಳಿದು ಬಂತು. ಮೇಲೆ ಹೋಗಬೇಕಾದ ಹೊಗೆ ಕರೆಯದೆ ಬಂದ ಬೀಗರಂತೆ ಅಡಿಗೆಮನೆ ಹೊಕ್ಕು, ನಡುಮನೆ ದಾಟಿ, ಯೋಗಿರಾಜ ಮಲಗಿದ್ದ ಕೋಣೆಯಲ್ಲಿ ಬಂದು ಕುಳಿತಿತು.

"ಯೋಗ್ಯಾ, ಏಳೋ! ನಿಮ್ಮ ಅಜ್ಜಾ ಮ್ಯಾಲಿಂದ ಕಲ್ಲ ಒಗ್ಯಾಕತ್ಯಾನ!" ಎಂದು ತಾಯಿ ಕೂಗಿದಳು.

ಅಜ್ಜ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಆದರೆ ಚಿಮಣಿ ಅವನದೇ. ಸೋಲಾಪುರದ ಬಟ್ಟೆ ಗಿರಣಿಯೊಂದರಲ್ಲಿ ಜನ್ಮ ಸವೆಸಿದ ಅವನು, ಅಕ್ಕಲಕೋಟದ ತನ್ನ ಮಣ್ಣಿನ ಮಾಳಿಗೆಯ ಮೇಲೆ ಗಿರಣಿಯ ಚಿಮಣಿಯದೇ ಸಣ್ಣ ನಮೂನೆಯೊಂದನ್ನು ಕಟ್ಟಿಸಿದ್ದ. ಹೊರಗೆ ಇಟ್ಟಂಗಿ, ಒಳಗೆ ಹೊಗೆ ಹೋಗಲು ಸುಟ್ಟ ಮಣ್ಣಿನ ಕೊಳವೆ. ಆ ಕೊಳವೆ ಈಗ ಸೀಳಿ ಚೂರು ಚೂರಾಗಿ ಚಹಾದೊಳಗೆ ಬೀಳತೊಡಗಿತ್ತು.

ಬೇರೆ ದಿನವಾಗಿದ್ದರೆ ಯೋಗಿರಾಜ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಆದರೆ ಅವತ್ತು ಸಂಜೆ ಅವನ ಮಾಲೀಕ ಅವಿನಾಶಸೇಠರು ಊಟಕ್ಕೆ ಬರುವವರಿದ್ದರು. "ಗುಡಿಗೆ ಬಂದು ಹಂಗೇ ನಿಮ್ಮ ಮನಿಗೆ ಬರ್ತೀನಿ. ನಿಮ್ಮವ್ವನ ಕೈಯಾನ ಒಲಿ ಮ್ಯಾಲಿನ ಜ್ವಾಳದ ಭಾಕ್ರಿ ತಿನ್ನಬೇಕು" ಎಂದು ಅವರಾಗಿಯೇ ಹೇಳಿದ್ದರು.

ಸೇಠರಿಗೆ ಎರಡು ಕಾರ್ಖಾನೆ. ಒಂದು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಟವೆಲ್ ನೇಯುವುದು. ಇನ್ನೊಂದು ಸೋಲಾಪುರದ ಆಚೆ ದಿಕ್ಕಿಗೆ ಚಿಂಚೋಳಿಯಲ್ಲಿ, ನೂಲಿಗೆ ಬಣ್ಣ ಹಾಕುವುದು. ಯೋಗಿರಾಜ ಚಿಂಚೋಳಿಯಲ್ಲಿ ಸ್ಟೋರ್ ಕೀಪರ್. ಅಕ್ಕಲಕೋಟದಿಂದ ಸೋಲಾಪುರಕ್ಕೆ ಎಸ್‌ಟಿ ಬಸ್ಸು, ಅಲ್ಲಿಂದ ಟಮಟಮ್ ರಿಕ್ಷಾ, ಇಳಿದು ನಡಿಗೆ. ಬಿಸಿಲಿನಲ್ಲಿ ತನ್ನ ಮನೆ ಹೇಗೆ ಕಾಣುತ್ತದೆಂಬುದು ಅವನಿಗೆ ಭಾನುವಾರ ಮಾತ್ರ ಗೊತ್ತಾಗುತ್ತಿತ್ತು. ಟವೆಲ್ ಕಾರ್ಖಾನೆಗೆ ಬದಲಿಯಾದರೆ ಒಂದೇ ಬಸ್ಸು. ಇವತ್ತು ಸೇಠರ ಹೊಟ್ಟೆ ತುಂಬಿದ ಹೊತ್ತಿಗೆ ಆ ಮಾತು ತೆಗೆಯಬೇಕೆಂದು ಅವನೂ ಹೆಂಡತಿ ದೀಪಾಲಿಯೂ ವಾರವಿಡೀ ಯೋಚಿಸಿದ್ದರು.

"ಗ್ಯಾಸ್ ಮ್ಯಾಲ ಮಾಡೂಣು ಬಿಡ್ರಿ. ಸೇಠ್ರಿಗೇನ ಗೊತ್ತಾಗತೈತಿ?" ಎಂದಳು ದೀಪಾಲಿ.

"ಗ್ಯಾಸಿನ ಭಾಕ್ರಿ ಕೊಟ್ಟು ಒಲೀದು ಅಂತ ಸುಳ್ಳ ಹೇಳ್ಲೇನು?" ಕಸ್ತೂರಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಂಗಾದ್ರ ನಾ ಹಿಟ್ಟಿಗೆ ಕೈ ಹಚ್ಚೂದಿಲ್ಲ."

ಯೋಗಿರಾಜ ಗೌಂಡಿ ಮರೆಪ್ಪನನ್ನು ಕರೆತಂದ. ಮರೆಪ್ಪ ಮಾಳಿಗೆ ಹತ್ತಿ, ಚಿಮಣಿಯೊಳಗೆ ಬಗ್ಗಿ ನೋಡಿ, ಒಂದು ಸಲ ಉಗುಳಿ, ಅದು ಎಷ್ಟು ಹೊತ್ತಿಗೆ ಕೆಳಗೆ ಮುಟ್ಟುತ್ತದೆಂದು ಕಿವಿಗೊಟ್ಟು ಕೇಳಿದ.

"ಚಿಮಣಿ ಕೆಲಸ ಮಾಡೀಯೇನು ಮೊದಲ?" ಎಂದು ಯೋಗಿರಾಜ ಕೇಳಿದ.

"ಚಿಮಣಿ ಅಂದ್ರ ಏನಣ್ಣಾ? ಎದ್ದು ನಿಂತ ಗಟಾರ. ಗಟಾರ ನಾ ಭಾಳ ಮಾಡೇನಿ."

ಅವನು ಸುತ್ತಿಗೆ ಎತ್ತಿ ಮೇಲಿನ ಇಟ್ಟಂಗಿ ಸಾಲು ಕೆಡವತೊಡಗಿದ. ಕೆಡವುವ ಕೆಲಸ ಸೊಗಸಾಗಿ ಸಾಗಿತು. ಚಿಮಣಿ ಇದ್ದಲ್ಲಿ ಮಾಳಿಗೆಯಲ್ಲೊಂದು ಕಂಡಿ ಮಾತ್ರ ಉಳಿದಾಗ ಮರೆಪ್ಪ ಕೆಳಗಿಳಿದು, ಸೈಕಲ್ಲಿಗೆ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಪೈಪು ಬಿಚ್ಚಿದ.

ಕಸ್ತೂರಬಾಯಿ ಪೈಪು ನೋಡಿದಳು, ಒಲೆ ನೋಡಿದಳು. "ಬೆಂಕಿ ಮ್ಯಾಲ ಪ್ಲಾಸ್ಟಿಕ್ ಇಡ್ತೀಯೇನೋ?"

"ಸೇಠ್ರು ಉಂಡ ಹೋಗೂತನಕಾ ತಡೀತೈತವ್ವಾ" ಎಂದ ಮರೆಪ್ಪ. "ಆಮ್ಯಾಲ ನಿಮ್ಮ ನಶೀಬ."

ಸ್ಟೀಲಿನ ಪೈಪೇ ಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಪಕ್ಕದ ಮನೆಯ ಭೀಮಣ್ಣ. ಎಸ್‌ಟಿ ಕಂಡಕ್ಟರಾಗಿ ನಿವೃತ್ತರಾದ ಮೇಲೂ ಓಣಿಯಲ್ಲಿ ಯಾರು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಅವರೇ ಹೇಳುತ್ತಿದ್ದರು. "ಎಂಐಡಿಸಿಯೊಳಗ ನನ್ನ ಗುರ್ತಿನಾವ ಅದಾನ. ನಡೀ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಯೇ ಬಿಟ್ಟರು.

ಪೈಪು ಸಿಕ್ಕಿತು. ಯೋಗಿರಾಜನಿಗಿಂತ ಉದ್ದ, ಅವನಿಗಿಂತ ಹೊಳಪು. ತೊಂದರೆ ಶುರುವಾದದ್ದು ಮರಳಿ ಬರುವ ಬಸ್ಸಿನಲ್ಲಿ.

"ಇದಕ್ಕ ಹಾಫ್ ತಿಕೀಟ್ ತಗೋರಿ" ಎಂದ ಕಂಡಕ್ಟರ್.

ಯೋಗಿರಾಜ ಒಪ್ಪಿ ಕಿಸೆಗೆ ಕೈ ಹಾಕಿದ. ಭೀಮಣ್ಣ ಕೆರಳಿದರು. "ಹಾಫ್ ಹ್ಯಾಂಗ ಆಗತೈತಿ? ಎತ್ತರ ನೋಡಿ ತಿಕೀಟ್ ಕೊಡಬೇಕಲ್ಲ? ಹುಡುಗರನ್ನ ಅಳೀತೀರಿ, ಇದನ್ನ ಅಳ್ಯೂದಿಲ್ಲೇನು? ಫುಲ್ ಕೊಡ್ರಿ!"

"ಕಾಕಾ, ನೀವು ನನ್ನ ಕಡ್ಯಾವ್ರೋ ಅವನ ಕಡ್ಯಾವ್ರೋ?" ಎಂದು ಯೋಗಿರಾಜ ಮೆಲ್ಲಗೆ ಕೇಳಿದ.

"ನಾ ಕಾಯ್ದೆ ಕಡ್ಯಾಂವ."

ಪೂರ್ತಿ ತಿಕೀಟು ಕೊಟ್ಟ ಮೇಲೆ ಪೈಪಿಗೆ ಸೀಟಿನ ಹಕ್ಕು ಬಂತು. ಬಸ್ಸು ತುಂಬಿತ್ತು. ಭೀಮಣ್ಣ ಯೋಗಿರಾಜನನ್ನು ಎಬ್ಬಿಸಿ ಅವನ ಜಾಗದಲ್ಲಿ ಪೈಪನ್ನು ಕೂರಿಸಿದರು. ಅಕ್ಕಲಕೋಟ ಬರುವವರೆಗೆ ಅವನು ನಿಂತೇ ಬಂದ. ಪೈಪು ಕಿಟಕಿಯ ಪಕ್ಕ ಆರಾಮವಾಗಿ ಬಂತು. ನಡುವೆ ಒಮ್ಮೆ ಅದರ ತುದಿ ಕಿಟಕಿಯಾಚೆ ಜಾರಿದಾಗ, ತಲೆ ಹೊರಗೆ ಹಾಕಬಾರದೆಂದು ಭೀಮಣ್ಣ ಅದನ್ನು ಒಳಗೆಳೆದುಕೊಂಡರು.

ಮನೆಗೆ ಬಂದರೆ ಮರೆಪ್ಪ ಇರಲಿಲ್ಲ.

"ಬಂದೆ ಅಣ್ಣಾ, ದಾರ್ಯಾಗ ಅದೀನಿ" ಎಂದ ಫೋನಿನಲ್ಲಿ. ಅವನ ಹಿಂದೆ ಮದುವೆಯ ಬ್ಯಾಂಡು ಕೇಳುತ್ತಿತ್ತು.

"ಯಾವ ದಾರ್ಯಾಗೋ?"

"ಇಲ್ಲೇ, ಮಂಗಲ ಕಾರ್ಯಾಲಯದ ಸೋರೂ ನೀರಿನ ಟಾಕಿಯೊಳಗ. ಹಿಂಗ ಬಂದೇ ಬಿಟ್ಟೆ." ಫೋನು ಕಡಿದುಹೋಯಿತು.

ಬಿಸಿಲು ಇಳಿಮುಖವಾಗಿತ್ತು. ಅಡಿಗೆಮನೆಯಲ್ಲಿ ನಿಂತು ತಲೆಯೆತ್ತಿದರೆ ಕಂಡಿಯಲ್ಲಿ ಆಕಾಶ ಕಾಣುತ್ತಿತ್ತು, ಅದರಲ್ಲೊಂದು ಕಾಗೆ ಬಗ್ಗಿ ಇವರನ್ನು ನೋಡುತ್ತಿತ್ತು. ಯೋಗಿರಾಜ ಜನ್ಮದಲ್ಲಿ ಎರಡು ಇಟ್ಟಂಗಿ ಜೋಡಿಸಿದವನಲ್ಲ. ಆದರೂ ಪಂಚೆ ಎತ್ತಿ ಕಟ್ಟಿ, ಪೈಪನ್ನು ಹೆಗಲಿಗೇರಿಸಿ, ಏಣಿ ಹತ್ತಿದ. ಭೀಮಣ್ಣ ಹಿಂದಿನಿಂದ ಹತ್ತಿದರು.

"ಬರ್ಲಿ, ಬರ್ಲಿ, ಬರ್ಲಿ" ಎಂದು ಭೀಮಣ್ಣ ಬಸ್ಸು ಹಿಂದೆ ತೆಗೆಸುವವರಂತೆ ಕೈಯಾಡಿಸಿದರು. "ಎಡಕ್ಕ ತಗೋ. ಹಾಂ, ಬಿಡು!"

'ಬಿಡು' ಎಂದರೆ ನಿಧಾನ ಇಳಿಬಿಡು ಎಂದು ಅವರ ಅರ್ಥ. ಯೋಗಿರಾಜ ಬಿಟ್ಟೇ ಬಿಟ್ಟ.

ಪೈಪು ಗೋಡೆಗೆ ಅಂಟಿದ್ದ ಎರಡು ತಲೆಮಾರಿನ ಮಸಿಯನ್ನೆಲ್ಲ ಕೆರೆದುಕೊಂಡು ಹೋಗಿ ಒಲೆಯೊಳಗೆ ಧಡ್ ಎಂದು ನಿಂತಿತು. ಕೆಳಗಿನಿಂದ ದೀಪಾಲಿಯ ದನಿ ಕೇಳಿತು.

"ಅಹೋ, ಅಡಿಗಿ ಮನ್ಯಾಗ ಯಾರೋ ನಿಂತಾರ! ನೋಡಬರ್ರಿ!"

"ನಾನs ಅದೀನಿ" ಎಂದಿತು ಮಸಿಯ ಆಕೃತಿ. "ನಿಮ್ಮ ಅತ್ತಿ."

ಉಳಿದ ಮಸಿ ಕಂಡಿಯಿಂದ ಮೇಲೆದ್ದು, ಗಾಳಿಗೆ ತೇಲಿ, ಎದುರು ಮನೆಯ ಸೋಮವ್ವನ ಮಾಳಿಗೆಯಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಒಂದೊಂದನ್ನೂ ಬಿಡದೆ ಇಳಿಯಿತು. ಸೋಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಜಗಳಕ್ಕೆ ಬಂದಳು. ಬಂದವಳು ಮೊದಲು ಯೋಗಿರಾಜ ಕಲಸುತ್ತಿದ್ದ ಸಿಮೆಂಟು ನೋಡಿದಳು.

"ಇದೇನೋ? ಅಂಬಲಿ ಮಾಡೀಯೇನು?"

"ನೀರ ಜರಾ ಜಾಸ್ತಿ ಆತು, ಮಾವಶಿ."

"ಸರೀ ಅತ್ತಾಗ. ಸಂಡಿಗಿ ಜಗಳ ಆಮ್ಯಾಲ ಮಾಡ್ತೀನಿ" ಎಂದು ಅವಳೇ ಕೈಹಾಕಿ, ಉಸುಕು ಬೆರೆಸಿ, ರೊಟ್ಟಿ ಹಿಟ್ಟು ನಾದಿದಂತೆ ನಾದಿದಳು. ದೀಪಾಲಿ ಹಳೆಯ ಇಟ್ಟಂಗಿಗಳನ್ನು ಬುಟ್ಟಿಯಲ್ಲಿ ತುಂಬಿ ಮೇಲೆ ಕೊಟ್ಟಳು. ಕಸ್ತೂರಬಾಯಿ ಕೆಳಗೆ ಪೈಪನ್ನು ಒಲೆಯಿಂದ ಮೇಲೆತ್ತಿ ಎರಡೂ ಕೈಯಿಂದ ಅಪ್ಪಿ ಹಿಡಿದು, ಅದರೊಳಗಿಂದಲೇ ಮಗನನ್ನು ಬೈಯುತ್ತಿದ್ದಳು. ಬೈಗುಳ ಮಾಳಿಗೆಯ ಮೇಲೆ ಕಂಚಿನ ದನಿಯಾಗಿ ಹೊರಬಂದು ಪಕ್ಕದ ಓಣಿಗೂ ಕೇಳುತ್ತಿತ್ತು.

ಪೈಪಿನ ಸುತ್ತ ಯೋಗಿರಾಜ ಇಟ್ಟಂಗಿ ಕಟ್ಟಿದ. ಒಂದು ಸಾಲು ಭೀಮಣ್ಣ ಹೇಳಿದಂತೆ ಎಡಕ್ಕೆ, ಮುಂದಿನದು ಸೋಮವ್ವ ಹೇಳಿದಂತೆ ಬಲಕ್ಕೆ. ಕೊನೆಗೆ ಚಿಮಣಿ ಯಾರದೋ ಮಾತಿಗೆ ಕಿವಿಗೊಟ್ಟ ಮುದುಕನಂತೆ ಒಂದಿಷ್ಟು ವಾಲಿಕೊಂಡು ನಿಂತಿತು. ಆದರೆ ನಿಂತಿತು.

"ಇನ್ನಾ ಹಸಿ ಐತಿ, ಸಣ್ಣ ಉರಿ ಹಚ್ಚ್ರಿ" ಎಂದಳು ಸೋಮವ್ವ.

ಕಸ್ತೂರಬಾಯಿ ಒಲೆಗೆ ಎರಡು ಕಟ್ಟಿಗೆ ಇಟ್ಟು ಊದಿದಳು. ಹೊಗೆ ಸ್ವಲ್ಪ ಹೊತ್ತು ಒಲೆಯ ಬಾಯಲ್ಲಿ ನಿಂತು ಯೋಚಿಸಿತು. ಆಮೇಲೆ ಪೈಪು ಹೊಕ್ಕು, ಮೇಲಿನ ತುದಿಯಿಂದ ನೆಟ್ಟಗೆ ಆಕಾಶಕ್ಕೆ ಹೋಯಿತು. ಅಡಿಗೆಮನೆಯಲ್ಲಿ ಒಂದು ಎಳೆಯೂ ಉಳಿಯಲಿಲ್ಲ. ಕೆಳಗಿಳಿದಿದ್ದ ಭೀಮಣ್ಣ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಮಾಳಿಗೆಯ ಮೇಲೆ ಒಬ್ಬನೇ ನಿಂತಿದ್ದ ಯೋಗಿರಾಜನಿಗೆ, ನಗಬೇಕೋ ಅಳಬೇಕೋ ತಿಳಿಯದೆ, ಕೈಗೆ ಸಿಕ್ಕ ಕರಣೆಯಿಂದಲೇ ಮೂಗು ತುರಿಸಿಕೊಳ್ಳಬೇಕೆನ್ನಿಸಿತು.

ಅಷ್ಟರಲ್ಲಿ ಬಾಗಿಲಿಗೆ ಕಾರು ಬಂತು.

ಮಸಿ, ಸಿಮೆಂಟು ಮೆತ್ತಿಕೊಂಡು ಏಣಿ ಇಳಿದು ಬಂದವನನ್ನು ಸೇಠರು ಅಡಿಯಿಂದ ಮುಡಿಯವರೆಗೆ ನೋಡಿ, "ಯೋಗಿರಾಜ ಮನ್ಯಾಗ ಅದಾನೇನಪ್ಪಾ?" ಎಂದು ಕೇಳಿದರು.

"ನಾನೇ ರೀ ಸೇಠ್ರ."

ಯೋಗಿರಾಜ ಮೈ ತೊಳೆದು ಬರುವಷ್ಟರಲ್ಲಿ ಸೇಠರು ಗೋಡೆಗೊರಗಿ ಊಟಕ್ಕೆ ಕೂತಾಗಿತ್ತು. ಬಿಸಿ ಭಾಕ್ರಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಅವರು ಒಂದರ ಹಿಂದೊಂದು ಭಾಕ್ರಿ ತಿಂದರು. ಮಧ್ಯೆ ಒಮ್ಮೆ ತಲೆಯೆತ್ತಿ ಗಾಳಿ ಮೂಸಿ, "ಒಲಿ ಉರ್ಯಾಕತ್ತೈತಿ, ಹೊಗಿ ಎಲ್ಲೈತಿ?" ಎಂದರು.

ಈ ಒಂದು ಪ್ರಶ್ನೆಗೇ ಕಾದಿದ್ದ ಭೀಮಣ್ಣ ಬಾಗಿಲಿನಿಂದ ಒಳಗೆ ಬಂದರು. ಹುಡುಗನ ಬದಲಿಯ ವಿಷಯ ಅವರಿಗೆ ಗೊತ್ತಿತ್ತು. ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸು ಅವರದು.

"ಎಲ್ಲಾ ನಮ್ಮ ಯೋಗಿರಾಜಂದ ಕರಾಮತ್ ರೀ. ಮುಂಜಾನಿ ಚಿಮಣಿ ಮುರದಿತ್ತು. ಪೈಪ್ ತಂದಾಂವ ಅವನs, ಇಳಿಸಿದಾಂವ ಅವನs, ಕಟ್ಟಿದಾಂವ ಅವನs. ಒಂದs ದಿನದಾಗ!"

"ಗೌಂಡಿ ಅರ್ಧಕ್ಕ ಬಿಟ್ಟ ಹೋದಾ, ಇವಾ ಬಿಡಲಿಲ್ಲ" ಎಂದು ಸೋಮವ್ವ ಕಿಟಕಿಯಿಂದ ಸೇರಿಸಿದಳು.

ಸೇಠರು ತುತ್ತು ಕೈಯಲ್ಲೇ ಹಿಡಿದು ಯೋಗಿರಾಜನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ಅವನನ್ನು ಹಾಗೆ ನೋಡಿದ್ದಿಲ್ಲ. ಯೋಗಿರಾಜನ ಎದೆ ಉಬ್ಬಿತು. ಇಲ್ಲಿಗೆ ಸುಮ್ಮನಿರಬಹುದಿತ್ತು.

"ಅದೇನ್ ದೊಡ್ಡದಲ್ರಿ ಸೇಠ್ರ" ಎಂದ. "ಹೊಗೀ ಸ್ವಭಾವ ತಿಳಕೊಂಡ್ರ ಆತು. ಸಣ್ಣ ಚಿಮಣಿ ಏನು, ದೊಡ್ಡ ಚಿಮಣಿ ಏನು, ಎಲ್ಲಾ ಒಂದs ಲೆಕ್ಕ. ನಮ್ಮ ರಕ್ತದಾಗ ಬಂದದ್ದ ಇದು."

"ದೊಡ್ಡ ಚಿಮಣೀನೂ?"

"ದೊಡ್ಡದಂತೂ ಇನ್ನಾ ಹಗರ ರೀ. ಒಳಗ ಕೈಯಾಡಸಾಕ ಜಾಗಾ ಇರ್ತೈತಿ."

ಸೇಠರು ಕೈ ತೊಳೆದು ನಿಧಾನವಾಗಿ ಟವೆಲಿಗೆ ಒರೆಸಿಕೊಂಡರು. "ಯೋಗಿರಾಜ, ನಾ ಇವತ್ತ ಭಾಕ್ರಿ ತಿನ್ನಾಕಷ್ಟೇ ಬಂದಿರಲಿಲ್ಲ. ಪಾಪ, ದಿನಾ ಅಷ್ಟು ದೂರ ಓಡಾಡ್ತಿ. ನಾಳಿಂದ ನೀ ಅಕ್ಕಲಕೋಟ ರೋಡ್ ಕಾರಖಾನಿಗೆ ಬಾ ಅಂತ ಹೇಳಿ ಹೋಗೂದಿತ್ತು."

ಅಡಿಗೆಮನೆಯಲ್ಲಿ ದೀಪಾಲಿಯ ಕೈಯಿಂದ ಲೋಟ ಬಿತ್ತು.

"ಆದ್ರ ಈಗ ನಿನ್ನ ಹ್ಯಾಂಗ ಬಿಡ್ಲಿ?" ಸೇಠರ ಮುಖ ಅರಳಿತ್ತು. "ಚಿಂಚೋಳಿ ಬಾಯ್ಲರಿನ ಚಿಮಣಿ ಒಳಗಿನ ತಗಡಿನ ಪತ್ರಾ ಪೂರಾ ತುಕ್ಕ ತಿಂದ ಹೋಗೇತಿ. ಪುಣೆಯವರನ್ನ ಕರದ್ರ ಇವತ್ತ ನಾಳೆ ಅಂತಾರ. ಮನ್ಯಾಗs ಮಾಣಸ ಇಟಗೊಂಡು ನಾ ಊರೆಲ್ಲಾ ಹುಡಕೀನಿ!"

ಯೋಗಿರಾಜ ಎರಡೂ ಕೈ ಮುಗಿದ. "ಸೇಠ್ರ, ಖರೇ ಹೇಳ್ತೀನಿ, ಇದು ನಾ ಮಾಡಿದ್ದಲ್ಲ. ಮರೆಪ್ಪ ಅಂತ ಗೌಂಡಿ ಅದಾನ, ಎಲ್ಲಾ ಅವಂದs ಕೆಲಸ."

"ನೋಡ್ರಿ, ಎಷ್ಟು ಸಾದಾ ಮಾಣಸ" ಎಂದು ಸೇಠರು ಭೀಮಣ್ಣನಿಗೆ ಹೇಳಿದರು.

ಅದೇ ಹೊತ್ತಿಗೆ, ದಾರಿಯಲ್ಲಿದ್ದ ಮರೆಪ್ಪ ಬಂದು ಮುಟ್ಟಿದ. ಯೋಗಿರಾಜ ಓಡಿಹೋಗಿ ಅವನ ಕೈ ಹಿಡಿದು ಎಳೆತಂದ. "ಇವನs ನೋಡ್ರಿ ಸೇಠ್ರ! ಹೇಳೋ ಮರೆಪ್ಪ, ಚಿಮಣಿ ಕಟ್ಟಿದಾಂವ ನೀನs ಅಲ್ಲೇನು?"

ಮರೆಪ್ಪ ಅಂಗಳಕ್ಕೆ ಹಿಂದೆ ಸರಿದು ಮಾಳಿಗೆಯ ಕಡೆ ನೋಡಿದ. ವಾಲಿದ ಚಿಮಣಿ ಕಂಡಿತು. ಕಾರು ಕಂಡಿತು. ದೊಡ್ಡ ಮನುಷ್ಯರು ಕಂಡರು. ತಪ್ಪು ಯಾರ ತಲೆಗೆ ಕಟ್ಟುತ್ತಿದ್ದಾರೆಂಬುದು ಅವನಿಗೆ ಕೂಡಲೇ ಹೊಳೆಯಿತು.

"ದೇವರಾಣಿ ನಾ ಅಲ್ರಿ ಸಾಹೇಬ್ರ! ನಾ ಕೆಡವಿ ಹೋದಾಂವ ಅಷ್ಟs. ಕಟ್ಟಿದ್ದೆಲ್ಲಾ ಈ ಅಣ್ಣಂದು. ಒಂದ ಇಟ್ಟಂಗಿನೂ ನಂದಲ್ಲ!"

"ಸಾಕ್ಷಿ ಸಿಕ್ತು" ಎಂದು ಸೇಠರು ನಕ್ಕರು. "ಬರಾಬರ ಆತು. ಕೆಡವಾಕ ಇವಾ, ಕಟ್ಟಾಕ ನೀ. ನಾಳಿಂದ ಇಬ್ಬರೂ ಬರ್ರಿ. ಕೆಲಸ ಮುಗಿಯೂತನಕಾ ಓಡಾಟ ಬ್ಯಾಡ, ಗೇಟಿನ ಬಾಜೂಕ ಒಂದ ಖೋಲಿ ಐತಿ, ಅಲ್ಲೇ ಇರ್ರಿ."

ಕಾರು ಓಣಿ ದಾಟಿ ಹೋಯಿತು. ಭೀಮಣ್ಣ ತಮಗೆ ಬೇರೆಲ್ಲೋ ಕೆಲಸವಿದ್ದದ್ದನ್ನು ನೆನಪಿಸಿಕೊಂಡು ಹೊರಟರು. ಸೋಮವ್ವ ಕಿಟಕಿಯಲ್ಲಿರಲಿಲ್ಲ. ದೀಪಾಲಿ ಹೊರಗೆ ಬಂದು ಗಂಡನ ಮುಖ ನೋಡಿ, ಒಳಗೆ ಹೋಗಿ ಚೀಲದಲ್ಲಿ ಅವನ ಅಂಗಿ ತುಂಬತೊಡಗಿದಳು.

ಮರೆಪ್ಪ ಕಟ್ಟೆಯ ಮೇಲೆ ಯೋಗಿರಾಜನ ಪಕ್ಕದಲ್ಲಿ ಬಂದು ಕೂತ. ಇಂಥ ದೊಡ್ಡ ಕೆಲಸ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

"ಅಣ್ಣಾ, ಒಂದ ಮಾತ ಮೊದಲs ಹೇಳಿಬಿಡ್ತೀನಿ, ಆಮ್ಯಾಲ ಬ್ಯಾಸರ ಮಾಡ್ಕೋಬಾರದು" ಎಂದ. "ನಾ ನಿದ್ದ್ಯಾಗ ಭಾಳ ಗೊರಕಿ ಹೊಡೀತೀನಿ."