ಚಿತ್ತಯ್ಯ ತಡೆದ ಮಳೆ

ಇಡೀ ಮೊಳಕಾಲ್ಮೂರು ಮಳೆಗಾಗಿ ಬಾಯಿ ಬಿಟ್ಟುಕೊಂಡಿದ್ದ ದಿನವೇ ನೇಕಾರ ಚಿತ್ತಯ್ಯ ಬೀದಿಯಲ್ಲಿ ರೇಷ್ಮೆ ಹಾಸು ಕಟ್ಟಿದ. ತೊಂಬತ್ತಾರನೇ ಇಸವಿ, ಮಗಳು ದಿವ್ಯಶ್ರೀಯ ಧಾರೆ ಸೀರೆಗೆ ಮಗ್ಗ ಏರಬೇಕಾದ ಉದ್ದೆಳೆಗಳ ಹಾಸು ಅದು. ಅದರ ತಲೆ ಮೊಳಕಾಲ್ಮೂರಿನಲ್ಲಿದ್ದರೆ ಬಾಲ ದೇವಸಮುದ್ರದಲ್ಲಿತ್ತು ಎಂದರೆ ಒಂದೆರಡು ಮಾರು ಹೆಚ್ಚಾದೀತು, ಅಷ್ಟೆ. ಗಂಜಿ ಸವರಿದ ಎಳೆಗಳು ಸಂಜೆಯೊಳಗೆ ಒಣಗಬೇಕು. ನೀರು ಬಿದ್ದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಆಮೇಲೆ ಮಗಳು ಅಂಗಡಿ ಸೀರೆ ಉಟ್ಟು ಹಸೆ ಏರಬೇಕು. ಅದಕ್ಕಿಂತ ನೇಕಾರ ಮೂಗು ಕೊಯ್ಸಿಕೊಳ್ಳುವುದೇ ವಾಸಿ.

ಅಷ್ಟರಲ್ಲಿ ಪಂಪ್‌ಸೆಟ್ ಮೆಕ್ಯಾನಿಕ್ ನಬೀ ಸಾಬ್ ಹೆಗಲಿಗೆ ಶಾಲು ಹಾಕಿಕೊಂಡು ಬಂದ.

"ಎಲ್ಲಿಗೆ ಸಾಬ್ರೇ?"

"ಈದ್ಗಾಕ್ಕೆ, ಮಳೆ ನಮಾಜ್‌ಗೆ. ಅಲ್ಲಿ ಶಾಲು ಉಲ್ಟಾ ಮಾಡಿ ಹೊದ್ಕೊಂತೀವಿ. ಮಾಲಿಕ್, ನಮ್ಮ ಗತೀನೂ ಹಿಂಗೇ ತಿರುಗ್ಸು ಅಂತ ಕೇಳ್ತೀವಿ."

"ನಿಮ್ಮ ಕಾಲಿಗೆ ಬೀಳ್ತೀನಿ, ಶಾಲು ನಾಳೆ ತಿರುಗ್ಸ್ರಿ!"

"ಅರೆ ಭಾಯ್, ಮುಂದೆ ಗಾಳಿ ಕಳ್ಸಿ, ಹಿಂದೆ ಮೋಡ ಹೊಡ್ಕೊಂಡ್ ಬಂದು, ಸತ್ತ ನೆಲಕ್ಕೆ ಜೀವ ಕೊಡೋನು ಅವನು ಅಂತ ಕಿತಾಬಲ್ಲೇ ಐತೆ. ನಾವು ಅರ್ಜಿ ಕೊಡೋರು. ಆರ್ಡರ್ ಮೇಲಿಂದ ಬರ್ಬೇಕು."

ಅವನು ಅತ್ತ ಹೋದ, ಇತ್ತಲಿಂದ ವೀರಮ್ಮ ಬಂದಳು. ಅವಳ ತಲೆಯ ಹಲಗೆ ಮೇಲೆ ಮಣ್ಣಿನ ಮಳೆರಾಯ, ಹಿಂದೆ ಹೆಂಗಸರ ದಂಡು. ಮಳೆರಾಯ ಬಂದಾಗ ಹೊತ್ತವರ ತಲೆ ಮೇಲೆ ಮನೆಮನೆಯವರೂ ಬಿಂದಿಗೆ ನೀರು ಸುರಿಯಬೇಕು. ಚಿತ್ತಯ್ಯ ಅಡ್ಡ ಮಲಗಿಯೇಬಿಟ್ಟ.

"ಅಯ್ಯೋ ದೇವುಡಾ! ಈ ಬೀದಿ ಬಿಟ್ಟುಬಿಡಕ್ಕ!"

"ಮಗಳ ಹಾಸು ಅಂತ ಬಿಡ್ತೀನಿ," ಎಂದಳು ವೀರಮ್ಮ. "ಆದ್ರೆ ಮಳೆ ಬರ್ದಿದ್ರೆ ತಿರುಗಿ ಬರ್ತೀನಿ ನೋಡು!"

ಮಧ್ಯಾಹ್ನದ ಹೊತ್ತಿಗೆ ಎಮ್ಮೆ ಹಿಂಡಿನಂಥ ಮೋಡ ನುಗ್ಗಿತು. ಚಿತ್ತಯ್ಯ ಬಗ್ಗಲಿಲ್ಲ. ಹಾಸಿನ ಪಕ್ಕ ನಿಂತು ಕೈ ಮುಗಿದ. "ಕೃಷ್ಣಾ, ಬೆರಳ ಮೇಲೆ ಗುಡ್ಡ ಎತ್ತಿ ಇಂದ್ರನ ಮಳೇನೇ ತಡೆದೋನು ನೀನು. ನಮ್ಮ ಬ್ರಹ್ಮಗಿರಿ ಗುಡ್ಡ ಎತ್ತು ಅನ್ನಲ್ಲಪ್ಪ. ನನ್ನ ಬೀದಿ ಅಗಲಕ್ಕೆ ಒಂದು ಬಂಡೆ ಹಿಡಿ, ಸಾಕು."

ಮಳೆ ಸುರಿಯಿತು. ಸುರಿಯಿತೆಂದರೆ, ಚಳ್ಳಕೆರೆ ಬಸ್ಸು ಸ್ಟ್ಯಾಂಡಿಗೆ ಈಜಿಕೊಂಡು ಬಂತು, ಕಂಡಕ್ಟರು ಹುಟ್ಟು ಹಾಕುತ್ತಿದ್ದ! ಆದರೆ ಚಿತ್ತಯ್ಯನ ಬೀದಿಯ ತಿರುವಿಗೆ ಬಂದದ್ದೇ ಕತ್ತರಿಯಲ್ಲಿ ಕತ್ತರಿಸಿದಂತೆ ನಿಂತುಬಿಟ್ಟಿತು. ಅಲ್ಲಿ ನಿಂತಿದ್ದ ಎಮ್ಮೆಯ ಮುಂಭಾಗ ತೊಯ್ದು ತೊಪ್ಪೆ, ಬಾಲದ ಮೇಲೆ ಮಾತ್ರ ಧೂಳು ಹಾಗೇ ಇತ್ತು.

ಚಿತ್ತಯ್ಯ ಬೆರಳಲ್ಲಿ ಹಾಸು ಮುಟ್ಟಿ ನೋಡಿದ. ಗರಿಗರಿ! ಅಲ್ಲಿಗೆ ಸುಮ್ಮನಾಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವನು ಜಗುಲಿ ಹತ್ತಿ ಕುಣಿದ. "ನಾನೇ ಕೇಳಿ ತಡೆಸ್ದೆ ಕಣ್ರೋ! ನನ್ನ ಮಾತಿಗೆ ಮಳೆ ನಿಂತೈತೆ!"

ಎದುರುಮನೆ ಗಾದ್ರಪ್ಪ ಒಣಗಿದ ತೊಟ್ಟಿಯೊಳಗಿಂದ ತಲೆ ಎತ್ತಿದ. "ಲೇ, ಊರೆಲ್ಲ ಹಳ್ಳ ಹರೀತೈತೆ, ನಮ್ಮ ತೊಟ್ಟಿಗೆ ಹನಿ ಇಲ್ಲ. ಮಳೆ ಕಟ್ಟಿಹಾಕಿದ ಕಳ್ಳ ನೀನೇನಾ?"

ಬೀದಿಗೆ ಬೀದಿಯೇ ಎದ್ದು ಬಂತು. ಹಿಂದೆಯೇ, ಗೋಣಿ ಹೊದಿಸಿದ ಮಳೆರಾಯನನ್ನು ಹೊತ್ತು, ಮಾತಿಗೆ ತಪ್ಪದ ವೀರಮ್ಮ.

"ಬರ್ದಿದ್ರೆ ಬರ್ತೀನಿ ಅಂದಿದ್ದೆ, ಬಂದೀನಿ. ಮಳೆ ನಿನ್ನ ಮಾತೇ ಕೇಳೋದಾದ್ರೆ ನೀನೇ ಹೊರು ಬಾ!"

ಜಗುಲಿಯಿಂದ ಎಳೆದು ಹಾಸಿನ ಪಕ್ಕದಲ್ಲೇ ನಿಲ್ಲಿಸಿ ಹಲಗೆಯನ್ನು ಅವನ ತಲೆಗೆ ಏರಿಸಿದರು. ದೇವರನ್ನು ಕೆಳಗೆ ಹಾಕುವಂತಿಲ್ಲ, ಎರಡೂ ಕೈ ಹಲಗೆಗೆ ಬೇಕು. ಪಕ್ಕದ ಬೀದಿಗಳಲ್ಲಿ ಈಗಷ್ಟೇ ತುಂಬಿದ ಬಿಂದಿಗೆಗಳು ಸಾಲುಗಟ್ಟಿ ಬಂದು ದಬದಬ ಸುರಿದವು. ಮಳೆರಾಯನ ಮೂಗು ಕರಗಿತು. ಹಾಸು ಶಾವಿಗೆ ಪಾಯಸದಂತೆ ಮುದ್ದೆಯಾಗಿ ನೆಲಕ್ಕೆ ಜೋತುಬಿತ್ತು.

ಉಲ್ಟಾ ಶಾಲಿನಿಂದ ನೀರು ಹಿಂಡುತ್ತ ನಬೀ ಸಾಬ್ ವಾಪಸಾದ.

"ನನ್ನ ಅರ್ಜಿ ಪಾಸಾಗಿತ್ತು ಸಾಬ್ರೇ!" ಚಿತ್ತಯ್ಯ ಗೊಳೋ ಎಂದ. "ಮತ್ತೆ ಇದೇನ್ರಿ?"

"ಪಾಸೇ ಆಗೈತಲ್ಲ. ಮಳೆ ಬೇಡ ಅಂದೆ, ಮೇಲಿನೋನು ಕಳಿಸ್ಲಿಲ್ಲ. ಬಿಂದಿಗೆ ಬೇಡ ಅಂತ ಅರ್ಜೀಲಿ ಬರ್ದಿದ್ಯಾ?"

ನ್ಯಾಯ ಕೇಳಲೆಂದು ಚಿತ್ತಯ್ಯ ಆಕಾಶ ನೋಡಹೋದ. ತಲೆ ಮೇಲಿನ ಹಲಗೆ ಅಡ್ಡ ಬಂತು.